ರೋಬೋಟ್ ವೆಲ್ಡಿಂಗ್ ಬೆಳಕು ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ಹೇಗೆ?

ಕೈಯಲ್ಲಿ ವೆಲ್ಡಿಂಗ್ ಮಾಡುವವರು ಹೆಲ್ಮೆಟ್ ಹಾಕಿರುತ್ತಾರೆ. ರೋಬೋಟ್ ಸುತ್ತ ಓಡಾಡುವವರದ್ದು ಬರಿಗಣ್ಣು. ನಮ್ಮಲ್ಲಿ ಅಳತೆ ನೋಡುತ್ತಿದ್ದ ಹುಡುಗನೊಬ್ಬ ಆರ್ಕ್ (ವೆಲ್ಡಿಂಗ್ ಆಗುವಾಗ ಹೊಳೆಯುವ ವಿದ್ಯುತ್ ಜ್ವಾಲೆ) ಕಡೆ ತಲೆ ಎತ್ತಿದವನೇ ಅಲ್ಲ. ಆದರೂ ರಾತ್ರಿ ಕಣ್ಣಿಗೆ ಮರಳು ಎರಚಿದ ಹಾಗೆ ಉರಿ. ಎದುರಿದ್ದ ಸ್ಟೀಲ್ ಶೀಟ್‌ಗೆ ಬಡಿದ ಬೆಳಕು ಅವನ ಮುಖಕ್ಕೆ ಬೀಳುತ್ತಿತ್ತು. ಆರ್ಕ್‌ನಿಂದ ಬರುವ, ಕಣ್ಣಿಗೆ ಕಾಣದ ಅಲ್ಟ್ರಾವೈಲೆಟ್ ಕಿರಣದ ಏಟು ತಕ್ಷಣ ಗೊತ್ತಾಗುವುದಿಲ್ಲ, ಕೆಲವು ಗಂಟೆ ಬಿಟ್ಟು ಕಾಡುತ್ತದೆ.

ಅಂದಿನಿಂದ ನಾನು ಮಾಡುವುದು ಇದು. ರೋಬೋಟ್ ಕೈಯಲ್ಲಿರುವ ವೆಲ್ಡಿಂಗ್ ಟಾರ್ಚ್ ತುದಿಗೆ, ಅಂದರೆ ಆರ್ಕ್ ಹೊರಡುವ ಜಾಗಕ್ಕೆ, ಸಣ್ಣ ಎಲ್‌ಇಡಿ ದೀಪ ಕಟ್ಟುತ್ತೇನೆ. ಆರ್ಕ್ ಬಂದ್ ಇರಬೇಕು. ಪ್ರೋಗ್ರಾಂ ಗೊತ್ತಿರುವವರು ನಿಧಾನವಾಗಿ ಒಂದೊಂದು ವೆಲ್ಡ್ ಜಾಗಕ್ಕೆ ರೋಬೋಟ್ ತಂದು ನಿಲ್ಲಿಸಿ, ಪವರ್ ತೆಗೆದು ಲಾಕ್ ಮಾಡುತ್ತಾರೆ. ಆಮೇಲೆ ಶೆಡ್‌ನ ಲೈಟ್ ಆರಿಸಿ, ಜನ ಕೂರುವ, ನಿಲ್ಲುವ ಕಡೆಯೆಲ್ಲ ಹೋಗಿ ನೋಡುತ್ತೇನೆ. ಏಣಿ ಮೇಲಿಂದ, ಕ್ರೇನ್ ಕ್ಯಾಬಿನ್‌ನಿಂದ ಕೂಡ. ದೀಪ ಕಂಡ ಜಾಗಕ್ಕೆ ಆರ್ಕ್ ಬೆಳಕು ನೇರವಾಗಿ ಬರುತ್ತದೆ ಅಂತಲೇ ಅರ್ಥ. ಅಲ್ಲಿ ಚಾಕ್‌ನಲ್ಲಿ ಗುರುತು ಹಾಕಿ.

ಗೋಡೆ ವಿಷಯದಲ್ಲಿ ಮಾತ್ರ ಈ ದೀಪವನ್ನು ನಂಬಬೇಡಿ. ಟೈಟಾನಿಯಂ ಡೈಆಕ್ಸೈಡ್ ಇರುವ ಬಿಳಿ ಬಣ್ಣ ಕಣ್ಣಿಗೆ ಬೆಳ್ಳಗೆ ಕಂಡರೂ ಅಲ್ಟ್ರಾವೈಲೆಟ್ ಹೀರಿಕೊಳ್ಳುತ್ತದೆ. ಅಲ್ಯೂಮಿನಿಯಂ ತಗಡು ಹಾಗಲ್ಲ, ವಾಪಸ್ ಎಸೆಯುತ್ತದೆ. ಹೊಳೆಯುವ ತಗಡನ್ನು ತೆಗೆಯಿರಿ, ಇಲ್ಲವೇ ಹೊಳಪಿಲ್ಲದ ಬಣ್ಣ ಬಳಿಯಿರಿ.

ಬೆಳಕು ತಡೆಯಲು ಕಟ್ಟುವ ಪರದೆ ಐಎಸ್‌ಒ 25980 (ವೆಲ್ಡಿಂಗ್ ಪರದೆಗಳ ಅಂತರರಾಷ್ಟ್ರೀಯ ಮಾನದಂಡ) ಗುರುತು ಇರುವುದೇ ಆಗಲಿ. ಸುಮ್ನೆ ಟಾರ್ಪಾಲ್ ಕಟ್ಟಿದರೆ ಕಿಡಿಗೆ ಹೊತ್ತಿಕೊಳ್ಳಬಹುದು. ಪಟ್ಟಿ ಪರದೆಯಾದರೆ ಪಟ್ಟಿಗಳ ಅಂಚು ಒಂದರ ಮೇಲೊಂದು ಚೆನ್ನಾಗಿ ಬಂದಿರಬೇಕು. ಗಾಳಿಗೆ ಅಂತ ಕೆಳಗೆ ಬಿಡುವ ಸಂದಿಯನ್ನು ಕೂತು ಕೆಲಸ ಮಾಡುವವರ ಕಡೆಯಿಂದ ನೋಡಿ. ಪರದೆ ಹಿಂದೆ ಇದ್ದೇವೆ ಅಂತ ಹತ್ತಿರ ನಿಂತು ಆರ್ಕ್ ದಿಟ್ಟಿಸುವುದೂ ಬೇಡ, ಅದಕ್ಕೆ ವೆಲ್ಡಿಂಗ್ ಗ್ಲಾಸೇ ಬೇಕು. ರೋಬೋಟ್ ಆವರಣದ ಬಾಗಿಲು ತೆರೆದರೆ ಆರ್ಕ್ ನಿಲ್ಲುವ ಇಂಟರ್‌ಲಾಕ್ ಇರಲೇಬೇಕು. ಅದಕ್ಕೆ ತಂತಿ ಸುತ್ತಿ ಬೈಪಾಸ್ ಮಾಡಿದ್ದು ಕಂಡರೆ ನಾನು ಮೆಷಿನ್ ನಿಲ್ಲಿಸಿಬಿಡುತ್ತೇನೆ.

ಕಣ್ಣು ಉರಿದರೆ ಉಜ್ಜಬೇಡಿ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಫಿಕ್ಸ್ಚರ್ (ವೆಲ್ಡ್ ಮಾಡುವ ವಸ್ತುವನ್ನು ಹಿಡಿದಿಡುವ ಚೌಕಟ್ಟು) ಬದಲಾದಾಗಲೆಲ್ಲ ಮತ್ತೆ ದೀಪ ಕಟ್ಟಿ. ನಮ್ಮಲ್ಲಿ ಹೊಸ ಫಿಕ್ಸ್ಚರ್ ಬಂದಾಗ ಟಾರ್ಚ್ ಮೊದಲಿಗಿಂತ ಮೇಲೆ ಹೋಗುತ್ತಿತ್ತು. ಪರದೆ ದಾಟಿ ಬೆಳಕು ಏಣಿ ಮೇಲಿದ್ದವರಿಗೆ ಬೀಳುತ್ತಿದ್ದದ್ದು ಹಾಗೇ ಸಿಕ್ಕಿತು.