ತಾಂಡಿ ದಾಟುವ ಮುನ್ನ: ಬೈಕಿನಲ್ಲಿ ಹೆಚ್ಚುವರಿ ಪೆಟ್ರೋಲ್ ಒಯ್ಯುವ ಬಗೆ

ಮನಾಲಿಯಿಂದ ಲೇಹ್‌ಗೆ ಹೋಗುವಾಗ ಕೇಲಾಂಗ್‌ಗಿಂತ ಎಂಟು ಕಿಲೋಮೀಟರ್ ಮೊದಲು ತಾಂಡಿ ಸಿಗುತ್ತದೆ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ಜಾಗ. ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎನ್ನುವ ಅಲ್ಲಿನ ಪೆಟ್ರೋಲ್ ಬಂಕಿನ ಫಲಕ ಬೈಕ್ ಸವಾರರಿಗೆಲ್ಲ ಗೊತ್ತು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರು ಕಡಿಮೆ. ಅಲ್ಲೇ ನಿಂತು ತಮ್ಮ ಗಾಡಿಯ ಲೆಕ್ಕ ಹಾಕುವವರು ಇನ್ನೂ ಕಡಿಮೆ. ಲೇಹ್‌ಗೆ ಸುಮಾರು 35 ಕಿ.ಮೀ. ಇರುವಾಗ ಕಾರೂ ಎಂಬ ಊರಿನಲ್ಲಿ ಬಂಕ್ ಇದೆ ನಿಜ. ಆದರೆ ಅದು ಮುಚ್ಚಿದ್ದರೂ ಲೇಹ್ ಮುಟ್ಟುವಂತಿರಬೇಕು, ಹಾಗಾಗಿ 365 ಎಂದೇ ಹಿಡಿಯಿರಿ.

ಪೆಟ್ರೋಲಿಗೆ ಅತ್ಯಂತ ಸುರಕ್ಷಿತ ಜಾಗ ಬೈಕಿನ ಟ್ಯಾಂಕೇ. ಕ್ಯಾನಿನಲ್ಲಿ ಅದು ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಒಳ್ಳೆಯದು. ಬೆಂಗಳೂರಿನಿಂದಲೇ ಎರಡು ಕ್ಯಾನ್ ತುಂಬಿಸಿಕೊಂಡು ಹೊರಡುವವರಿದ್ದಾರೆ. ಹೆದ್ದಾರಿಯುದ್ದಕ್ಕೂ ಬಂಕ್‌ಗಳಿರುವಾಗ ಸುಮ್ಮನೆ ಭಾರ ಹೊತ್ತಂತಾಯಿತು. ತಾಂಡಿವರೆಗೆ ಕ್ಯಾನ್ ಖಾಲಿ ಇರಲಿ.

ಎಷ್ಟು ಬೇಕು?

ಮೊದಲು ನಿಮ್ಮ ಗಾಡಿಯ ನಿಜವಾದ ಮೈಲೇಜ್ ತಿಳಿದುಕೊಳ್ಳಿ. ಟ್ಯಾಂಕ್ ಫುಲ್ ಮಾಡಿಸಿ, 200 ಕಿ.ಮೀ. ಓಡಿಸಿ, ಮತ್ತೆ ಫುಲ್ ಮಾಡಿಸಿದರೆ ಹೋದ ಲೀಟರ್ ಎಷ್ಟೆಂದು ಗೊತ್ತಾಗುತ್ತದೆ. ಮೀಟರಿನಲ್ಲಿ ಕಾಣುವ ಸರಾಸರಿಯನ್ನು ನಂಬಿ ಹೊರಡಬೇಡಿ. ಬಂದ ಅಂಕಿಯ ಮುಕ್ಕಾಲು ಪಾಲನ್ನು ಬೆಟ್ಟದ ಮೈಲೇಜ್ ಎಂದು ಹಿಡಿಯಿರಿ. ಬೆಟ್ಟದಲ್ಲಿ ಎರಡು-ಮೂರನೇ ಗೇರಿನಲ್ಲೇ ಹೆಚ್ಚು ಓಡಿಸಬೇಕಾಗುತ್ತದೆ, ತೆಳುಗಾಳಿಯಲ್ಲಿ ಎಂಜಿನ್ ಶಕ್ತಿ ಕುಗ್ಗಿ ಥ್ರಾಟಲ್ ಹೆಚ್ಚು ತಿರುಗಿಸಬೇಕಾಗುತ್ತದೆ. ಹಳೆಯ ಕಾರ್ಬುರೇಟರ್ ಗಾಡಿಗೆ ಇನ್ನೊಂದು ಹೊಡೆತವಿದೆ: ಗಾಳಿ ತೆಳುವಾದರೂ ಅದು ಕೆಳಗಿನ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ, ಹೊಗೆ ಕಪ್ಪಾಗುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಗಾಡಿ ಗಾಳಿಯ ಒತ್ತಡ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ.

ಒಂದು ಲೆಕ್ಕ ಹಾಕೋಣ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಯ ಟ್ಯಾಂಕ್ 13 ಲೀಟರ್. ಬಯಲಿನಲ್ಲಿ 35 ಕೊಡುವ ಗಾಡಿ ಬೆಟ್ಟದಲ್ಲಿ 26 ಕೊಡುತ್ತದೆ ಎನ್ನಿ. 365ಕ್ಕೆ ದಾರಿ ತಪ್ಪುವುದು, ಭೂಕುಸಿತವಾಗಿ ಹಿಂದಿರುಗುವುದು ಇವುಗಳಿಗಾಗಿ 45 ಸೇರಿಸಿದರೆ 410 ಕಿ.ಮೀ. ಅದಕ್ಕೆ ಬೇಕಾದದ್ದು 15.8 ಲೀಟರ್. ಟ್ಯಾಂಕಿನಲ್ಲಿ ಬಳಕೆಗೆ ಸಿಗುವುದು ಹನ್ನೆರಡೂವರೆ ಎಂದಿಟ್ಟುಕೊಂಡರೆ ಕೊರತೆ 3.3. ಐದು ಲೀಟರಿನ ಒಂದು ಕ್ಯಾನ್ ಸಾಕು. ಹಿಮಾಲಯನ್ 450ಕ್ಕೆ 17 ಲೀಟರ್ ಟ್ಯಾಂಕ್ ಇದೆ. ಬೆಟ್ಟದಲ್ಲಿ 25 ಸಿಕ್ಕರೆ 16.4 ಲೀಟರಿಗೆ ಮುಟ್ಟುತ್ತದೆ. ಆದರೆ ಅದು ತುದಿಗಾಲಲ್ಲಿ ನಿಂತ ಲೆಕ್ಕ. ಹಿಂದೆ ಒಬ್ಬರು ಕೂತಿದ್ದರೆ ಅದಕ್ಕೂ ಒಂದು ಕ್ಯಾನ್ ಬೇಕು.

ಲೇಹ್‌ನಿಂದ ಹಾನ್ಲೆ, ಅಲ್ಲಿಂದ 19,024 ಅಡಿ ಎತ್ತರದ ಉಮ್ಲಿಂಗ್ ಲಾ (ಲಾ ಎಂದರೆ ಬೆಟ್ಟ ದಾಟುವ ಕಣಿವೆದಾರಿ) ಮುಟ್ಟಿ ಮರಳುವುದಾದರೆ ಮಾತು ಬೇರೆ. ಹೋಗಿಬರುವುದು 600 ಕಿ.ಮೀ. ದಾಟುತ್ತದೆ. ನಡುವೆ ಬಂಕ್ ಸಿಕ್ಕೇ ಸಿಗುತ್ತದೆಂದು ನಂಬದೆ, ಹೊರಡುವ ಹಿಂದಿನ ದಿನ ಲೇಹ್‌ನಲ್ಲೇ ವಿಚಾರಿಸಿ, ಇಲ್ಲವೆಂದರೆ ಮೇಲಿನಂತೆಯೇ ಲೆಕ್ಕ ಹಾಕಿ ಕೊರತೆಯಾಗುವಷ್ಟನ್ನು ಒಯ್ಯಿರಿ. ಸ್ಪಿತಿಯ ಕಡೆಗೆ ಕಾಜಾದಲ್ಲಿ ಬಂಕ್ ಇರುವುದರಿಂದ ಸಾಮಾನ್ಯ ಟ್ಯಾಂಕಿನ ಗಾಡಿಗೆ ಕ್ಯಾನ್ ಬೇಕಾಗುವುದು ಅಪರೂಪ.

ಯಾವ ಕ್ಯಾನ್?

1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಒಯ್ಯಬಹುದು. ಆದರೆ ಪಾತ್ರೆ ಬಿಗಿ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ್ದಾಗಿರಬೇಕು. ಗಾಜು-ಪಿಂಗಾಣಿ ಒಂದು ಲೀಟರ್ ಮೀರಬಾರದು, ಲೋಹದ್ದು 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ಕಿನ ಹೆಸರು ಆ ಪಟ್ಟಿಯಲ್ಲಿಲ್ಲ. ಬಂಕಿನ ಹುಡುಗ ಪ್ಲಾಸ್ಟಿಕ್ ಕ್ಯಾನಿಗೆ ಹಾಕಲ್ಲ ಎಂದರೆ ಜಗಳ ಕಾಯಬೇಡಿ. ದಾರಿಯಲ್ಲಿ ಹತ್ತರಲ್ಲಿ ಎಂಟು ಗಾಡಿಗೆ ಕೆಂಪು ಪ್ಲಾಸ್ಟಿಕ್ ಕ್ಯಾನೇ ಕಾಣುತ್ತದೆ ಎಂಬುದು ಬೇರೆ ಮಾತು. ನಮ್ಮ ಆಯ್ಕೆ ಐದು ಲೀಟರಿನ ಲೋಹದ ಜೆರ್ರಿಕ್ಯಾನ್. ತೂಕ ಸ್ವಲ್ಪ ಹೆಚ್ಚಾದರೂ ಎಕ್ಸಾಸ್ಟಿನ ಬಿಸಿಗೆ ಮೆತ್ತಗಾಗುವುದಿಲ್ಲ, ಬಿದ್ದರೆ ತಗ್ಗಾಗುತ್ತದೆಯೇ ಹೊರತು ಥಟ್ಟನೆ ಸೀಳುವುದಿಲ್ಲ. ನೀರಿನ ಬಾಟಲಿಯಂತೂ ಬೇಡವೇ ಬೇಡ. ಅದರ ಮುಚ್ಚಳ ಪೆಟ್ರೋಲ್ ಆವಿಯನ್ನು ತಡೆಯಲಾರದು; ಅದಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ಬಾಯಾರಿದ ಯಾರಾದರೂ ಅದನ್ನು ಎತ್ತಿ ಕುಡಿದಾರು.

ಹೊಸ ಕ್ಯಾನನ್ನು ಮನೆಯಲ್ಲೇ ಪರೀಕ್ಷಿಸಿ. ನೀರು ತುಂಬಿ, ಮುಚ್ಚಳ ಕೆಳಗಾಗುವಂತೆ ಹಳೇ ಪತ್ರಿಕೆಯ ಮೇಲೆ ರಾತ್ರಿಯಿಡೀ ಮಲಗಿಸಿಡಿ. ಪತ್ರಿಕೆ ಒಣಗಿದ್ದರೆ ಅರ್ಧ ಪಾಸಾದಂತೆ. ನೀರು ನುಸುಳದ ಜಾಗದಲ್ಲೂ ಪೆಟ್ರೋಲ್ ನುಸುಳಬಲ್ಲದು. ಕ್ಯಾನನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಬಯಲಿನಲ್ಲಿ ಒಂದು ಲೀಟರ್ ಪೆಟ್ರೋಲ್ ಹಾಕಿ ಒಂದು ಗಂಟೆ ಮಗುಚಿ ನೋಡಿ. ಸಾಮಾನ್ಯವಾಗಿ ಕೈಕೊಡುವುದು ಡಬ್ಬಿಯಲ್ಲ, ಮುಚ್ಚಳದೊಳಗಿನ ರಬ್ಬರ್ ವಾಷರ್. ಪೆಟ್ರೋಲಿಗೆ ಹೊಂದದ ರಬ್ಬರ್ ಉಬ್ಬಿ ಸುಕ್ಕಾಗುತ್ತದೆ. ಒಂದು ಹೆಚ್ಚುವರಿ ವಾಷರ್ ಜೇಬಿನಲ್ಲಿರಲಿ.

ಎಲ್ಲಿ ಕಟ್ಟುವುದು?

ಬೆನ್ನಿನ ಚೀಲದಲ್ಲಿ ಎಂದೂ ಬೇಡ. ಪೆಟ್ರೋಲ್ ಲೀಟರಿಗೆ ಸುಮಾರು 740 ಗ್ರಾಂ ತೂಗುತ್ತದೆ, ಐದು ಲೀಟರಿನ ಕ್ಯಾನ್ ಸೇರಿ ಸುಮಾರು ಐದು ಕಿಲೋ. ಈ ಭಾರ ಸೀಟಿನ ಹಿಂದೆ ಎತ್ತರದಲ್ಲಿ ಕೂತರೆ ಕಲ್ಲುದಾರಿಯಲ್ಲಿ ಗಾಡಿಯ ಮುಂಭಾಗ ಹಗುರಾಗುತ್ತದೆ. ಸೈಲೆನ್ಸರ್ ಬಲಗಡೆ ಇರುವ ಗಾಡಿಗಳಲ್ಲಿ ಕ್ಯಾನ್ ಎಡಗಡೆ, ಲಡಾಖ್ ಕ್ಯಾರಿಯರ್‌ನ (ಸಾಮಾನು ಕಟ್ಟಲು ಬೈಕಿನ ಹಿಂಬದಿಗೆ ಹಾಕಿಸುವ ಕಬ್ಬಿಣದ ಚೌಕಟ್ಟು) ಕೆಳಗಿನ ಸರಳಿನ ಮಟ್ಟದಲ್ಲಿ ಇರಲಿ. ಬಲಗಡೆ ಚೀಲದಲ್ಲಿ ಉಪಕರಣ, ನೀರು ಇಟ್ಟು ಸರಿದೂಗಿಸಿ. ಲೆಗ್ ಗಾರ್ಡಿಗೆ ಕಟ್ಟುವವರೂ ಇದ್ದಾರೆ. ಗಾಡಿ ಮಗುಚಿದಾಗ ನೆಲಕ್ಕೆ ಮೊದಲು ಬಡಿಯುವುದೇ ಅದು, ಬಿಸಿ ಎಂಜಿನ್ ಇರುವುದೂ ಪಕ್ಕದಲ್ಲೇ ಎಂದು ನೆನಪಿರಲಿ.

ಕಟ್ಟಲು ಕೊಕ್ಕೆಯ ರಬ್ಬರ್ ಹಗ್ಗ ಸಾಲದು. ಪ್ರತಿ ಗುಂಡಿಗೂ ಅದು ಹಿಗ್ಗಿ ಕ್ಯಾನ್ ಕುಣಿಯುತ್ತದೆ. ಒಂದು ಇಂಚು ಅಗಲದ, ಬಕಲ್ ಇರುವ ನೈಲಾನ್ ಪಟ್ಟಿ ಎರಡು ಬೇಕು: ಒಂದು ಅಡ್ಡಡ್ಡ, ಇನ್ನೊಂದು ಉದ್ದುದ್ದ. ಕ್ಯಾನು ಕ್ಯಾರಿಯರಿಗೆ ತಾಗುವಲ್ಲೆಲ್ಲ ಹಳೇ ಟ್ಯೂಬಿನ ತುಂಡು ಕೊಡಿ. ಇದನ್ನು ಬಿಟ್ಟವರ ಕ್ಯಾನಿನಲ್ಲಿ ಮೂರನೇ ದಿನಕ್ಕೆ ಬಣ್ಣ ಹೋಗಿ, ಸರಳು ತಿಕ್ಕಿದ ಜಾಗ ಬೆರಳಿಗೆ ತೆಳ್ಳಗೆ ಸಿಗುತ್ತದೆ. ಪ್ಲಾಸ್ಟಿಕ್ ಆದರೆ ಅಲ್ಲೇ ತೂತು. ಪ್ರತಿದಿನ ಬೆಳಿಗ್ಗೆ ಮುಚ್ಚಳದ ಸುತ್ತ ಬೆರಳಾಡಿಸಿ ಮೂಸಿ ನೋಡಿ.

ತುಂಬಿಸುವಾಗ

ಕ್ಯಾನನ್ನು ಗಾಡಿಯಿಂದ ಬಿಚ್ಚಿ ನೆಲದ ಮೇಲೆ ಇಡಿಸಿ. ಸೀಟಿನ ಮೇಲೋ ಬಟ್ಟೆಯ ಚೀಲದ ಮೇಲೋ ಇಟ್ಟು ತುಂಬಿದರೆ ಸ್ಥಿರ ವಿದ್ಯುತ್ ನೆಲಕ್ಕೆ ಇಳಿಯದೆ ಕಿಡಿ ಹಾರಬಹುದು. ನಾಜಲ್ ಕ್ಯಾನಿನ ಬಾಯಿಗೆ ತಾಗಿರಲಿ, ನಿಧಾನವಾಗಿ ಬಿಡಲಿ. ಚಳಿಯ ನಾಡಿನಲ್ಲಿ ಬೆಂಕಿಯ ಭಯವಿಲ್ಲ ಎಂಬ ಮಾತನ್ನು ನಂಬಬೇಡಿ: ಸೊನ್ನೆಗಿಂತ ಎಷ್ಟೋ ಕೆಳಗೂ ಪೆಟ್ರೋಲಿನ ಆವಿಗೆ ಬೆಂಕಿ ಹತ್ತುತ್ತದೆ.

ಐದು ಲೀಟರ್ ಕ್ಯಾನಿಗೆ ನಾಲ್ಕೂವರೆ ಲೀಟರ್ ಸಾಕು. ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿದರೆ ನಾಲ್ಕೂವರೆ ಲೀಟರ್ ಪೆಟ್ರೋಲ್ 130 ಮಿ.ಲೀ.ನಷ್ಟು ಹಿಗ್ಗುತ್ತದೆ. ಜೊತೆಗೆ ಎತ್ತರದ ಆಟವೂ ಇದೆ: 5,328 ಮೀಟರ್ ಎತ್ತರದ ತಂಗ್ಲಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಆಸುಪಾಸು. ಕೆಳಗೆ ಬಿಗಿಮಾಡಿದ ಕ್ಯಾನ್ ಅಲ್ಲಿ ಉಬ್ಬಿಕೊಂಡಿರುತ್ತದೆ. ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಉಸ್ ಎಂಬ ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಒಮ್ಮೆಗೇ ತೆಗೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ.

ಟ್ಯಾಂಕಿಗೆ ಸುರಿಯುವುದು

ಟ್ಯಾಂಕಿನಲ್ಲಿ ಐದು ಲೀಟರಿನಷ್ಟು ಜಾಗವಾದ ಕೂಡಲೇ ಕ್ಯಾನ್ ಖಾಲಿ ಮಾಡಿ. ಕ್ಲಾಸಿಕ್ 350ಗೆ ತಾಂಡಿಯಿಂದ ಸುಮಾರು 130 ಕಿ.ಮೀ.ಗೆ, ಎಂದರೆ ಸರ್ಚು ದಾಟಿದ ಸ್ವಲ್ಪ ಹೊತ್ತಿಗೆ ಅಷ್ಟು ಜಾಗವಾಗುತ್ತದೆ. ಗಾಡಿ ನಿಂತುಹೋದ ಮೇಲೆ ನೋಡೋಣ ಎಂದು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಇಂಜೆಕ್ಷನ್ ಗಾಡಿಯ ಪಂಪ್ ಟ್ಯಾಂಕಿನೊಳಗಿನ ಪೆಟ್ರೋಲಿನಲ್ಲೇ ತಣ್ಣಗಾಗುವುದು, ಅದನ್ನು ಒಣಗಿಸಬಾರದು.

ಗಾಡಿ ನಿಲ್ಲಿಸಿ ಹದಿನೈದು ನಿಮಿಷ ಆರಲು ಬಿಡಿ. ಸಾಧ್ಯವಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ. ಟ್ಯಾಂಕ್ ಮುಚ್ಚಳದ ಸುತ್ತಲಿನ ದೂಳನ್ನು ಮೊದಲು ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ. ಇದೇ ದಾರಿಯಲ್ಲಿ ಸಿಗುವ ‘ಮೋರೆ’ ಎಂಬ ಬಯಲಿನ ಪುಡಿಮಣ್ಣು ಒಳಗೆ ಬಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಜಾಲರಿ ಇರುವ ಆಲಿಕೆ ಬಳಸಿ. ಕ್ಯಾನನ್ನು ಬಗ್ಗಿಸುವಾಗ ಅದರ ಬಾಯಿ ಕೆಳಗಿನ ಅಂಚಿನಲ್ಲಲ್ಲ, ಮೇಲಿನ ಅಂಚಿನಲ್ಲಿರಲಿ. ಆಗ ಗಾಳಿ ಒಳಗೆ ಹೋಗುತ್ತ, ಪೆಟ್ರೋಲ್ ಗಳಗಳ ಎನ್ನದೆ ಎಳೆಯಾಗಿ ಇಳಿಯುತ್ತದೆ. ಕಂಠಮಟ್ಟ ತುಂಬಬೇಡಿ. ಚೆಲ್ಲಿದರೆ ಒರೆಸಿ, ಆವಿ ಹೋಗುವವರೆಗೆ ಸ್ಟಾರ್ಟ್ ಮಾಡಬೇಡಿ. ಗೆಳೆಯರ ಗಾಡಿಯಿಂದ ತೆಗೆಯಬೇಕಾದರೆ ಕೈಯಲ್ಲಿ ಹಿಚುಕುವ ರಬ್ಬರ್ ಪಂಪ್ ಇರುವ ಪೈಪ್ ಬಳಸಿ. ಬಾಯಲ್ಲಿ ಎಳೆದರೆ ಪೆಟ್ರೋಲ್ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಯಾವುದೋ ಕಾರಣಕ್ಕೆ ಪೆಟ್ರೋಲ್ ಕ್ಯಾನಿನಲ್ಲೇ ಉಳಿದರೆ ರಾತ್ರಿ ಅದು ಟೆಂಟಿನೊಳಗೆ ಬರಬಾರದು. ಆವಿ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಡುಗೆಯ ಒಲೆಯಿಂದ ದೂರ, ನೆರಳಿನಲ್ಲಿ ಹೊರಗಿಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುವುದರಿಂದ ಅದು ಗಾಳಿಯ ತೇವ ಹೀರುತ್ತದೆ. ವಾರಗಟ್ಟಲೆ ಉಳಿಸಿದ್ದನ್ನು ಟ್ಯಾಂಕಿಗೆ ಹಾಕಬೇಡಿ.

ಮರಳುವಾಗ ಗಾಡಿಯನ್ನು ರೈಲಿನಲ್ಲಿ ಪಾರ್ಸೆಲ್ ಮಾಡುವುದಾದರೆ ಟ್ಯಾಂಕೂ ಖಾಲಿ ಇರಬೇಕು, ಕ್ಯಾನಿನಲ್ಲೂ ಹನಿ ಉಳಿದಿರಬಾರದು. ವಿಮಾನದ ಲಗೇಜಿನಲ್ಲಿ ಪೆಟ್ರೋಲ್ ವಾಸನೆ ಹತ್ತಿದ ಕ್ಯಾನನ್ನು ಖಾಲಿ ಇದ್ದರೂ ಬಿಡುವುದಿಲ್ಲ. ಲೇಹ್‌ನಿಂದ ಮನಾಲಿ ಕಡೆ ಹೊರಟ ಇನ್ನೊಬ್ಬ ಸವಾರರಿಗೆ ವಾಷರ್ ಸಮೇತ ಕೊಟ್ಟುಬಿಡಿ, ಅವರಿಗೂ ಅದೇ 365 ಕಿ.ಮೀ. ಇದೆ.