16 ಪಿಕ್ಸೆಲ್‌ಗೆ ಇಳಿಸಿದ ಕೆಂಪು ಡ್ರ್ಯಾಗನ್

ದಕ್ಷಿಣ ವೇಲ್ಸ್‌ನ ಒಂದು ಚಿಕ್ಕ ರಗ್ಬಿ ಕ್ಲಬ್ಬಿನವರು ತಮ್ಮ ವೆಬ್‌ಸೈಟಿಗೆ ವೇಲ್ಸ್ ಬಾವುಟದ ಕೆಂಪು ಡ್ರ್ಯಾಗನ್ ಹೊಸದಾಗಿ ಬರೆದುಕೊಡಿ ಅಂದರು. ಜೆರ್ಸಿ ಮೇಲೆ ಗತ್ತಿನಿಂದ ನಿಂತಿದ್ದ ಡ್ರ್ಯಾಗನ್, ಬ್ರೌಸರ್ ಟ್ಯಾಬಿನ 16 ಪಿಕ್ಸೆಲ್ ಅಗಲದ ಪುಟ್ಟ ಐಕಾನಿನಲ್ಲಿ ಚೆಲ್ಲಿದ ಕುಂಕುಮದ ಥರ ಕಾಣುತ್ತಿತ್ತು.

1485ರಲ್ಲಿ ಬಾಸ್ವರ್ತ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜನಾದ ಏಳನೇ ಹೆನ್ರಿಯ ಬಾವುಟದಲ್ಲೂ ಈ ಡ್ರ್ಯಾಗನ್ ಇತ್ತು. ಡ್ರ್ಯಾಗನ್ ಹಿಂದಿರುವ ಬಿಳಿ (ಮೇಲೆ), ಹಸಿರು (ಕೆಳಗೆ) ಅವನ ಟ್ಯೂಡರ್ ಮನೆತನದ ಬಣ್ಣ. ಈಗಿನ ಬಾವುಟಕ್ಕೆ ಸರ್ಕಾರದ ಮಾನ್ಯತೆ ಸಿಕ್ಕಿದ್ದು ಮಾತ್ರ 1959ರಲ್ಲಿ. ಅಷ್ಟು ಕಾಲದಲ್ಲಿ ಕಲಾವಿದರು ಇದನ್ನು ಎಷ್ಟೋ ಥರ ಬರೆದಿದ್ದಾರೆ. ನಾನು ಈಗಿನ ಬಾವುಟದಿಂದ ಬಿಡಬಾರದ ಗುರುತುಗಳನ್ನಷ್ಟೇ ಆರಿಸಿಕೊಂಡೆ: ಮುಖ ಕಂಬದ ಕಡೆ, ಒಂದು ಮುಂಗಾಲು ಮೇಲೆ, ಬಿಚ್ಚಿದ ರೆಕ್ಕೆ, ಬಾಣದಂತೆ ಚೂಪಾದ ಬಾಲದ ತುದಿ.

ಕ್ಲಬ್ಬಿನ ಹಳೇ ಫೈಲು ಸ್ಕ್ಯಾನ್ ಮಾಡಿ ಆಟೋ ಟ್ರೇಸ್ (ಚಿತ್ರವನ್ನು ಕಂಪ್ಯೂಟರೇ ಗೆರೆಗಳಾಗಿ ಬದಲಿಸುವ ಸೌಲಭ್ಯ) ಒತ್ತಿದ್ದು. ಮೈತುಂಬಾ ಆಂಕರ್ ಪಾಯಿಂಟು, ಅಂದರೆ ಗೆರೆಗಳನ್ನು ಹಿಡಿದಿಡುವ ಚುಕ್ಕೆಗಳು. ರಿಪೇರಿಗಿಂತ ಪೆನ್ ಟೂಲ್ ಹಿಡಿದು ಮೊದಲಿಂದ ಬರೆಯೋದೇ ವಾಸಿ ಅನಿಸಿತು. ಬರೆಯುವಾಗ ಡ್ರ್ಯಾಗನ್‌ಗಿಂತ ಅದರ ಸುತ್ತಲಿನ ಖಾಲಿ ಜಾಗವನ್ನೇ ಜಾಸ್ತಿ ನೋಡಿದೆ. ಎತ್ತಿದ ಪಂಜಕ್ಕೂ ಎದೆಗೂ ನಡುವಿನ ಸಂದು ಒಂದು ಪಿಕ್ಸೆಲ್‌ಗಿಂತ ಕಿರಿದಾದರೆ ಸುಮ್ನೆ ಗುಲಾಬಿ ಮಸುಕಾಗುತ್ತದೆ. ಕಾಲುಗಳ ನಡುವೆ ಹಸಿರಿದೆಯಲ್ವಾ, ಅಲ್ಲಿ ಕೊಳಕು ಕಂದು. ಹಾಗಾಗಿ ಕಾಲು ತೆಳ್ಳಗೆ ಮಾಡಿ ಸಂದು ಅಗಲಿಸಿದೆ, ಬಾಲವನ್ನು ಮೈಯಿಂದ ದೂರ ಎಳೆದೆ. ಕೆಂಪು-ಹಸಿರು ವ್ಯತ್ಯಾಸ ಕಾಣದವರಿಗೆ ಕಾಲು ಹುಲ್ಲಿನಲ್ಲಿ ಕಳೆದುಹೋಗಬಾರದು ಅಂತ ಸುತ್ತ ತೆಳುವಾದ ಬಿಳಿ ಗೆರೆ ಕೊಟ್ಟೆ.

ದೊಡ್ಡ ಅಳತೆಯಲ್ಲಿ ಮೈಮೇಲಿನ ಚಿಪ್ಪುಗಳು, ಉಗುರು, ನಾಲಿಗೆ ಎಲ್ಲ ಉಂಟು. ನಡು ಅಳತೆಯಲ್ಲಿ ರೆಕ್ಕೆಯ ಗೆರೆಗಳಷ್ಟೇ. 16 ಪಿಕ್ಸೆಲ್‌ನಲ್ಲಿ ಬರೀ ಆಕಾರ. ಉಗುರಿಲ್ಲದ ಡ್ರ್ಯಾಗನ್ ಎಂಥದ್ದು ಅಂತ ಕ್ಲಬ್ಬಿನ ಹಿರಿಯರೊಬ್ಬರು ಗೊಣಗಿದರು. ಫೋನಿನಲ್ಲಿ ಉಗುರಿದ್ದದ್ದು, ಇಲ್ಲದ್ದು ಎರಡನ್ನೂ ತೋರಿಸಿದ ಮೇಲೆ ಸುಮ್ಮನಾದರು. ಚಿಕ್ಕದಕ್ಕೆ ತಲೆ ಮಾತ್ರ ಇಡಿ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಬರೀ ತಲೆ ಯಾವುದೋ ವಿಡಿಯೋ ಗೇಮಿನದ್ದಾಗಬಹುದು, ಎತ್ತಿದ ಕಾಲಿದ್ದರೇ ಅದು ವೇಲ್ಸ್‌ನದ್ದು.

ಇಷ್ಟೆಲ್ಲ ಯಾಕೆ, ಬಾವುಟದ ಎಮೋಜಿ ಹಾಕಬಾರದಾ ಅಂತಲೂ ಕೇಳಿದರು. 2017ರಲ್ಲಿ ವೇಲ್ಸ್‌ಗೆ ಎಮೋಜಿ ಬಂದಿದೆ, ನಿಜ. ಆದರೆ ಅದು ಕಪ್ಪು ಬಾವುಟದ ಹಿಂದೆ ಕಣ್ಣಿಗೆ ಕಾಣದ ಅಕ್ಷರಗಳನ್ನು ಜೋಡಿಸಿದ ಕೋಡ್. ಅದು ಅರ್ಥವಾಗದ ಕಂಪ್ಯೂಟರ್‌ನಲ್ಲಿ ಬರೀ ಕಪ್ಪು ಬಾವುಟ ಹಾರುತ್ತದೆ. ಅದನ್ನು ತೋರಿಸಿದ್ದೇ ತಡ, ಎಲ್ಲ ಪುಟಕ್ಕೂ ನಾನು ಬರೆದ ಎಸ್‌ವಿಜಿ ಫೈಲನ್ನೇ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರದ ಫೈಲು) ಹಾಕಿ ಅಂದರು.