ಕುರಿ ಎಣಿಸಿ ಸೋತೆ, ದನ ಎಣಿಸಿ ಗೆದ್ದೆ

ನಮ್ಮೂರ ಗಾಯರಾಣ, ಅಂದರೆ ದನ ಕುರಿ ಮೇಯಲು ಬಿಟ್ಟ ಸರ್ಕಾರಿ ಜಮೀನು, ಒತ್ತುವರಿಯಿಂದ ಬಿಡಿಸಲು ನಾಲ್ಕು ವರ್ಷ ಓಡಾಡಿದೆ. ಮೊದಲೆರಡು ವರ್ಷ ಬರೀ ಮನವಿ ಕೊಡುವುದು, ಫೋಟೋ ತೆಗೆಸಿಕೊಳ್ಳುವುದು, ವಾಪಸ್ ಬರುವುದು. ಝೆರಾಕ್ಸ್, ಬಸ್ಸು, ಚಹಾ ಅಂತ ಎಂಟೊಂಬತ್ತು ಸಾವಿರ ಹೋಯಿತು. "ಹಾಳಿ ತಿಂದ್ರ ಕುರಿ ಹೊಟ್ಟಿ ತುಂಬ್ತದೇನೋ ತಮ್ಮಾ?" ಅಂತ ದೊಡ್ಡಪ್ಪ ಕಟ್ಟೆ ಮೇಲೆ ಕೂತು ನಗುತ್ತಿದ್ದ.

ಯಾರೋ 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿಯಿರಿ ಅಂದರು. ಅದರಲ್ಲಿ ಅಲೆಮಾರಿ ಕುರಿಗಾರರ ಮೇಯಿಸುವ ಹಕ್ಕು ಇರುವುದು ನಿಜ. ಆದರೆ ನಮ್ಮದು ಯಾದಗಿರಿ ಸೀಮೆಯ ಕಂದಾಯ ಜಮೀನು, ಚಿಂಚೋಳಿ ಅಡವಿ ಅಲ್ಲ. ಆರು ತಿಂಗಳು ಹಾಳು.

ಆಮೇಲೆ 1966ರ ಭೂಕಂದಾಯ ನಿಯಮ 97 ಹಿಡಿದೆ. ನೂರು ದನಕ್ಕೆ 12 ಹೆಕ್ಟೇರ್ ಮೇವಿನ ಜಾಗ ಬಿಡಬೇಕು. ಹತ್ತಿರ ಹತ್ತಿರ 30 ಎಕರೆ. ಸರಿ, ಎಣಿಸೋಣ ಅಂತ ಜನವರಿಯಲ್ಲಿ ಹೊರಟೆ. ದಡ್ಡತನ! ಆಗ ಹಿಂಡೆಲ್ಲ ಕಾಲುವೆ ಕಡೆ, ಭತ್ತ ಕೊಯ್ದ ಗದ್ದೆಯಲ್ಲಿ ಇರುತ್ತವೆ. ಊರಲ್ಲಿ ಸಿಕ್ಕಿದ್ದು ಇನ್ನೂರು ಚಿಲ್ಲರೆ ಮರಿ, ಮುದಿ ಕುರಿ. "ಕುರಿಯೇ ಇಲ್ಲದ ಊರಿಗೆ ಗಾಯರಾಣ ಯಾಕ್ರೀ?" ಅಂತ ಒಬ್ಬ ಸಾಹೇಬರು ಕೇಳಿದರು. ಉತ್ತರ ಇರಲಿಲ್ಲ.

ರೋಹಿಣಿ ಮಳೆಗೆ ಹಿಂಡು ತಿರುಗಿ ಬಂದ ಮೇಲೆ ಮತ್ತೆ ಎಣಿಸಿದೆ. ಎರಡೂವರೆ ಸಾವಿರ ದಾಟಿತು. ಆದರೂ 'ಕುರುಬರ ಅರ್ಜಿ' ಅಂತ ಫೈಲು ಮೂಲೆಗೆ ಬಿತ್ತು.

ಮೂರನೇ ಸಲ ಎತ್ತು, ಆಕಳು, ಎಮ್ಮೆ ಎಲ್ಲ ಬರೆದುಕೊಂಡೆ, ಮನೆ ಮನೆಗೆ ಹೋಗಿ. ಸುಮಾರು 310. ಲೆಕ್ಕಕ್ಕೆ 90 ಎಕರೆ ಮೇಲೆ ಬೇಕು, ಪಹಣಿಯಲ್ಲಿ ಇರುವುದೇ 46. ಎರಡು ಎಮ್ಮೆ ಕಟ್ಟಿದ ಗೌಡರೂ ಸಹಿ ಹಾಕಿದರು! ನಮ್ಮ ಜೊತೆ ಎಂದೂ ಕೂತವರಲ್ಲ ಅವರು. ಅರ್ಜಿ ಊರಿನದಾಯಿತು, ಫೈಲು ಓಡಿತು. ಗಾಯರಾಣದ ಗಡಿ ತೋರಿಸುವ ಹಳೇ ನಕ್ಷೆ ಎಲ್ಲಿ ಸಿಕ್ಕಿತು ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಪಕ್ಕದೂರಿಗೂ ಅದೇ ದಾರಿ ಬೇಕಾಗಿದೆ.

ಈ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ (ನಿಲ್ಲಿಸಿದರೆ) ಎಷ್ಟು ರೊಕ್ಕ, ಎಷ್ಟು ಜೋಳ ಅಂತ ಬಾಂಡ್ ಪೇಪರ್ ಮೇಲೆ ಕರಾರು ಬರೆಸಿದೆ. ಹೊಲವೇ ಹೋಗುತ್ತದೆ ಅಂತ ರೈತರು ಹೆದರಿದರು. ಈಗ ರೈತ, ಕುರಿಗಾರ ಇಬ್ಬರೂ ಮಾತಾಡಿ ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಿಕೊಳ್ಳುತ್ತಾರೆ. ಈ ಸುಗ್ಗಿಯಲ್ಲಿ ಜಗಳ ಆಗಿದ್ದು ಒಂದೇ.

ಗಾಯರಾಣದ ಮೋಜಣಿ (ಅಳತೆ) ದಿನ ಐದು ಒತ್ತುವರಿ ಸಿಕ್ಕವು. ಹತ್ತಿ, ತೊಗರಿ ಹಾಕಿದ್ದರು. ಅದರಲ್ಲಿ ಒಂದು ನಮ್ಮ ಸೋದರಮಾವನದೇ! ಮನೆಯಲ್ಲಿ ಎರಡು ತಿಂಗಳು ಮಾತಿಲ್ಲ. ಬೆಳೆ ಬಿಡಿಸಿಕೊಳ್ಳಲು ಟೈಮ್ ಕೊಟ್ಟೆವು, ಅದಕ್ಕೇ ಯಾರೂ ಕೋರ್ಟಿಗೆ ಹೋಗಲಿಲ್ಲ. 22 ಎಕರೆ ಬಿಟ್ಟುಕೊಟ್ಟರು.

ಗಡಿ ಕಲ್ಲು ನೆಟ್ಟ ಖರ್ಚಿನಲ್ಲಿ ಇನ್ನೂ 1,400 ಬಾಕಿ ಇದೆ. ಮಾಮಾನೇ ಕೊಡ್ತೀನಿ ಅಂದಿದ್ದಾನೆ. ಅವನ ಕುರಿಯೂ ಅಲ್ಲೇ ಮೇಯುತ್ತಿವೆ, ಅಲ್ವಾ.